ಚಾಮಯ್ಯ ಬರೆದ ಸೊನ್ನೆಗಳು

ಹೆಮ್ಮರಗಾಲದ ಚಾಮಯ್ಯನಿಗೆ ಮೋಟರಿನ ಸದ್ದು ಚೆನ್ನಾಗಿ ಗೊತ್ತಿತ್ತು. ನಂಜನಗೂಡಿನ ಹೊರಗಿದ್ದ ಭತ್ತದ ಬೀಜದ ಕಂಪನಿಯೊಂದರಲ್ಲಿ, ಬೀಜ ಬೆಳೆಯುವ ಗದ್ದೆಗೆ ನೀರೆತ್ತುವ ಪಂಪ್‌ಹೌಸಿನಲ್ಲಿ, ಇಪ್ಪತ್ತೊಂದು ವರ್ಷ ಕೂತಿದ್ದವನು. ನೀರೆಳೆಯುವ ಸದ್ದು ಯಾವುದು, ಗಾಳಿ ಹಿಡಿದು ಬರಿದೇ ತಿರುಗುವ ಸದ್ದು ಯಾವುದು ಅಂತ ಕಣ್ಣುಮುಚ್ಚಿಕೊಂಡು ಹೇಳುತ್ತಿದ್ದ. ಎರಡು ಸಾವಿರದ ಎರಡರಲ್ಲಿ ಕಂಪನಿ ಆ ಗದ್ದೆಯನ್ನು ಬಿಟ್ಟುಕೊಟ್ಟಿತು. ಮೋಟರನ್ನು ಬಿಚ್ಚಿ ಟೆಂಪೋಗೆ ಹೇರಿಕೊಂಡು ಹೋಗುವಾಗ ಚಾಮಯ್ಯ ಗೇಟಿನ ಹತ್ತಿರ ನಿಂತು ನೋಡುತ್ತಿದ್ದ.

"ಮೋಟ್ರು ಓಯ್ತು. ನೀನ್ಯಾವಾಗ್ಲಾ?" ಅಂತ ಗೇಟು ಕಾಯುವ ಬೆಟ್ಟಸ್ವಾಮಿ ಛೇಡಿಸಿದ.

"ನನ್ನ ಬಿಚ್ಚಕ್ಕೆ ಸ್ಪ್ಯಾನರ್ ಸಿಗ್ನಿಲ್ಲವಂತೆ ಕಣ್ಲಾ."

ಸ್ಪ್ಯಾನರ್ ಸಿಗದೆ ಇದ್ದದ್ದು ನಿಜವೇ. ಅವನನ್ನು ಏನು ಮಾಡುವುದೆಂದು ಮ್ಯಾನೇಜರ್ ರುದ್ರೇಶ್‌ಗೆ ತೋಚಲಿಲ್ಲ. ಅದೇ ತಿಂಗಳು ಆಫೀಸಿಗೆ ಸರ್ವರ್ ಅಂತ ಒಂದು ದೊಡ್ಡ ಕಂಪ್ಯೂಟರ್ ಬಂತು. ಯಾವ ರೈತನಿಗೆ ಯಾವ ತಳಿ, ಎಷ್ಟು ಮೂಟೆ ಕೊಟ್ಟಿದೆ ಅನ್ನುವುದೆಲ್ಲ ಅದರ ಹೊಟ್ಟೆಯೊಳಗೆ. ತಿರುಮಕೂಡಲು ನರಸೀಪುರದ ಡಿಪೋದಲ್ಲಿ ಇನ್ನೊಂದು ಚಿಕ್ಕ ಕಂಪ್ಯೂಟರ್ ಇತ್ತು. ಅದು ಫೋನಿನ ತಂತಿಯಲ್ಲಿ ಇದನ್ನು ಕೇಳಿಕೊಂಡು ಕೆಲಸ ಮಾಡಬೇಕು. ಆದರೆ ಇಡೀ ದಿನ ಓಡಿಸೋಣವೆಂದರೆ ಕರೆಂಟಿನ ಕಥೆ ಎಲ್ಲರಿಗೂ ಗೊತ್ತೇ ಇತ್ತು. ಬ್ಯಾಟರಿ ತಡೆಯುತ್ತಿರಲಿಲ್ಲ, ಕೋಣೆ ಕಾದು ಕೆಂಡವಾಗುತ್ತಿತ್ತು. ಬೇಕಾದಾಗ ಎಬ್ಬಿಸಿ, ಬೇಡವಾದಾಗ ಮಲಗಿಸಲು ಒಬ್ಬ ಆಳು ಬೇಕಾಯಿತು.

"ಸ್ಟಾರ್ಟರ್ ಒತ್ತೋನು ತಾನೆ ನೀನು? ಇದನ್ನೂ ಒತ್ತು," ಅಂದರು ರುದ್ರೇಶ್.

ಹಾಗೆ ಚಾಮಯ್ಯ ಪಂಪ್‌ಹೌಸಿನಿಂದ ಸರ್ವರ್ ಕೋಣೆಗೆ ಬಂದ. ಡಿಪೋದಿಂದ ಫೋನ್ ಮೂರು ಸಲ ರಿಂಗಾಗಿ ನಿಂತರೆ ಎಬ್ಬಿಸು, ಒಂದೇ ಸಲ ರಿಂಗಾದರೆ ಮಲಗಿಸು. ಫೋನ್ ಎತ್ತುವ ಹಾಗಿಲ್ಲ, ಮಾತಿನ ಖರ್ಚಿಲ್ಲ. ಅವನು ಗುಂಡಿ ಒತ್ತಿ, ಗೋಡೆಯ ಫ್ಯಾನ್ ಹಾಕಿ, ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಇಟ್ಟು ನೋಡುತ್ತಿದ್ದ. ಒಳಗೆ ಗುಂಯ್‌ಗುಡುವುದು ಕೈಗೆ ತಿಳಿಯುತ್ತಿತ್ತು. ಪಕ್ಕದಲ್ಲಿ ಫೋನ್ ತಂತಿ ಸೇರುವ ಪುಟ್ಟ ಡಬ್ಬಿ, ಅದರ ಮೇಲೊಂದು ಕೆಂಪು ದೀಪ. ನರಸೀಪುರದಲ್ಲಿ ಯಾರಾದರೂ ಅಕ್ಷರ ಒತ್ತುತ್ತಿದ್ದರೆ ಅದು ಮಿಣಮಿಣ ಅನ್ನುತ್ತಿತ್ತು. ಸುಮ್ಮನಿದ್ದರೆ ಅದೂ ಸುಮ್ಮನೆ.

ಒಂದು ದಿನ ಹನ್ನೊಂದರ ಸುಮಾರಿಗೆ ದೀಪ ಸುಮ್ಮನಾಯಿತು. ಹತ್ತು ನಿಮಿಷ ಕಾದ, ಇಪ್ಪತ್ತು ಕಾದ. ಕೆಲಸ ಮುಗಿದು ರಿಂಗು ಕೊಡಲು ಮರೆತಿರಬೇಕು ಅಂದುಕೊಂಡು ಮಲಗಿಸಿಬಿಟ್ಟ. ಐದು ನಿಮಿಷಕ್ಕೆ ಫೋನು ಬಡಿದುಕೊಂಡಿತು, ನಿಲ್ಲಲೇ ಇಲ್ಲ. ಹೆದರಿಕೊಂಡೇ ಎತ್ತಿದ.

"ಅಣ್ಣಾ, ಯಾಕಣ್ಣಾ ಆಫ್ ಮಾಡ್ಬಿಟ್ರಿ?" ಹೆಣ್ಣುಮಗಳ ದನಿ, ಅಳು ತುಂಬಿಕೊಂಡಿತ್ತು. "ಹದಿನೇಳು ಜನದ್ದು ಬರೆದಿದ್ದೆ, ಎಲ್ಲಾ ಹೋಯ್ತು. ಇಲ್ಲಿ ರೈತ್ರು ಬಯ್ತಾ ನಿಂತವ್ರೆ."

"ದೀಪ ಮಿಣುಕ್ಲಿಲ್ಲ ಕಣವ್ವ. ಮುಗೀತು ಅಂದ್ಕಂಡೆ."

"ಮುಗ್ದಿರಲಿಲ್ಲ ಅಣ್ಣಾ..." ಅವಳು ತಡೆದಳು. ಆ ಸಂದಿನಲ್ಲಿ ಚಾಮಯ್ಯನಿಗೆ ಬೇರೊಂದು ಸದ್ದು ಕೇಳಿಸಿತು. ಎಳೆಗೂಸಿನ ಬಿಕ್ಕಳಿಕೆ. "ಮಗೂಗೆ ಹಾಲು ಕೊಡ್ತಿದ್ದೆ. ಯಾರಿಗೂ ಹೇಳ್ಬೇಡಿ, ಕೈ ಮುಗೀತೀನಿ. ಡಿಪೋಗೆ ಮಗು ತರಬಾರದು ಅಂತ ರುದ್ರೇಶ್ ಸಾರು ಮೊದಲೇ ಹೇಳವ್ರೆ."

ಅವಳು ಪವಿತ್ರ. ತಲಕಾಡಿನ ಹುಡುಗಿ, ಪಿಯುಸಿ ಓದಿ ಕಂಪ್ಯೂಟರ್ ಕಲಿತು ಡಿಪೋಗೆ ಸೇರಿದ್ದವಳು. ಮಗುವಿನ ಹೆಸರು ನಂದಿತಾ, ಮೂರು ತಿಂಗಳು. ಹುಟ್ಟಿದಾಗ ಒಂದೂಮುಕ್ಕಾಲು ಕೆಜಿ ಇತ್ತಂತೆ. ಎದೆಹಾಲು ಬಿಟ್ಟು ಇನ್ನೇನೂ ಕೊಡಬೇಡಿ, ಇದು ಬದುಕುವುದೇ ಅದರಿಂದ ಅಂತ ಡಾಕ್ಟರು ಹೇಳಿದ್ದರು. ಬೀಜದ ಮೂಟೆಗಳ ಹಿಂದೆ ಗೋಣಿಚೀಲದ ಜೋಲಿ ಕಟ್ಟಿ ಮಲಗಿಸುತ್ತಿದ್ದಳು. "ಒಂದು ವರ್ಷ ತುಂಬಲಿ ಅಣ್ಣಾ, ಅನ್ನ ತಿನ್ನೋ ಹಾಗಾದ್ರೆ ಊರಲ್ಲಿ ಅಮ್ಮನ ಹತ್ರ ಬಿಡ್ತೀನಿ. ಅಲ್ಲೀಗಂಟ ನೀವು ಒಂಚೂರು ಕಾಯ್ರಿ."

"ಉಣ್ಣಲಿ ಬುಡವ್ವ," ಅಂದ ಚಾಮಯ್ಯ. "ನೀ ರಿಂಗ್ ಕೊಡೋಗಂಟ ನಾ ಕೈ ಮಡಗಲ್ಲ."

ಸಂಜೆ ಮನೆಯಲ್ಲಿ ಮಂಚಮ್ಮನಿಗೆ ಹೇಳಿದ. ಅವನ ಹೆಂಡತಿ ಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಕೈ ಮಡಗೀಯ ಮತ್ತೆ," ಅಂದಳು, ಅಷ್ಟೇ.

ಅಂದಿನಿಂದ ದಿನಕ್ಕೆ ಮೂರು ಹೊತ್ತು, ಹನ್ನೊಂದಕ್ಕೆ, ಒಂದೂವರೆಗೆ, ನಾಲ್ಕಕ್ಕೆ, ಕೆಂಪು ದೀಪ ಸುಮ್ಮನಾಗುತ್ತಿತ್ತು. ಚಾಮಯ್ಯನೂ ಸುಮ್ಮನಾಗುತ್ತಿದ್ದ. ಗೋಡೆಯಾಚೆಯೇ ಕೂಸು ಮಲಗಿದೆ ಅನ್ನುವ ಹಾಗೆ ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದ. ಹನ್ನೊಂದರ ಹಾಲು ಇಪ್ಪತ್ತೆರಡು ನಿಮಿಷ. ಶೀತವಾದ ದಿನ ಮೂವತ್ತೂ ಆಗುತ್ತಿತ್ತು. ಮತ್ತೆ ದೀಪ ಮಿಣುಕಿದಾಗ ತನ್ನ ಹೊಟ್ಟೆಯೇ ತುಂಬಿದಂತೆ ಉಸಿರು ಬಿಡುತ್ತಿದ್ದ. ಬಾಗಿಲಲ್ಲಿ ಹಾದುಹೋದವರಿಗೆ ಕಾಣುತ್ತಿದ್ದುದು ಮಾತ್ರ ಕುರ್ಚಿಯಲ್ಲಿ ತೊಡೆಯ ಮೇಲೆ ಕೈಯಿಟ್ಟು ಕೂತ ಮುದುಕ.

ಅವನು ಒಂದು ತಪ್ಪು ಮಾಡಿದ. ಅದು ತಪ್ಪು ಅಂತ ಅವನಿಗೆ ಹೊಳೆಯಲೇ ಇಲ್ಲ. ಪಂಪ್‌ಹೌಸಿನಲ್ಲಿ ಒಂದು ಪದ್ಧತಿಯಿತ್ತು. ಮೋಟರ್ ಓಡಿಯೂ ನೀರು ಬರದ ಹೊತ್ತಿಗೆ ಪುಸ್ತಕದಲ್ಲಿ ಒಂದು ಸೊನ್ನೆ ಹಾಕಬೇಕು. ಓಡಿದೆ, ನೀರು ಬಂದಿಲ್ಲ ಅಂತ ಅದರ ಅರ್ಥ. ಇಪ್ಪತ್ತೊಂದು ವರ್ಷ ಹಾಕಿ ಹಾಕಿ ಕೈಗೆ ರೂಢಿಯಾಗಿತ್ತು. ಸರ್ವರ್ ಕೋಣೆಯ ಪುಸ್ತಕದಲ್ಲೂ ಮಗು ಹಾಲು ಕುಡಿದ ಪ್ರತಿ ಹೊತ್ತಿಗೂ ಗಂಟೆ, ನಿಮಿಷ ಬರೆದು ಎದುರಿಗೆ ಒಂದು ದುಂಡನೆಯ ಸೊನ್ನೆ ಹಾಕಿದ. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಬ್ಯಾಟರಿ ಬೇಗ ಸಾಯುತ್ತಿದೆ ಅಂತ ಮೈಸೂರಿನಿಂದ ಅಮೃತೇಶ್ ಅನ್ನುವ ಇಂಜಿನಿಯರನ್ನು ಕರೆಸಿದರು. ಆತ ಮೊದಲು ಕೈಗೆತ್ತಿಕೊಂಡದ್ದೇ ಆ ಪುಸ್ತಕ. ಸ್ವಲ್ಪ ಹೊತ್ತಿಗೆ ರುದ್ರೇಶ್ ಬಂದು ನಿಂತರು.

"ಏನಯ್ಯಾ ಇದು, ದಿನಕ್ಕೆ ಮೂರು ಸೊನ್ನೆ?"

"ಮಿಸಿನ್ ಓಡ್ತಿತ್ತು ಸಾ... ಕೆಲ್ಸ ಇರ್ನಿಲ್ಲ."

"ಕೆಲಸ ಇಲ್ದಾಗ ಆಫ್ ಮಾಡೋಕೇ ತಾನೆ ನಿನ್ನ ಇಲ್ಲಿ ಕೂರಿಸಿರೋದು? ಅಷ್ಟು ಹೊತ್ತು ನರಸೀಪುರದವಳು ಏನು ಮಾಡ್ತಿದ್ಲು?"

ಮಾತು ಚಾಮಯ್ಯನ ನಾಲಗೆಯ ತುದಿಗೇ ಬಂತು. ಅದನ್ನು ಆಡಿಬಿಟ್ಟರೆ ಕುರ್ಚಿ ಉಳಿಯುತ್ತದೆ. ಫೋನಿನಲ್ಲಿ ಕೇಳಿದ ಬಿಕ್ಕಳಿಕೆ ನೆನಪಾಯಿತು. ಏಳು ತಿಂಗಳ ಕೂಸು, ಇನ್ನೂ ಐದು ತಿಂಗಳು ಹೋಗಬೇಕು.

"ಆವಮ್ಮನ್ದೇನಿಲ್ಲ ಸಾ. ಆವಮ್ಮ ಮುಗ್ಸಿ ರಿಂಗ್ ಕೊಡ್ತಿತ್ತು. ನಾನೇ ತೂಕಡಿಸ್ಬುಡ್ತಿದ್ದೆ."

"ಮೂರು ಹೊತ್ತೂ?"

"ವಯಸ್ಸಾಯ್ತು ಸಾ."

"ನಿದ್ದೆ ಹೊಡೆದಿದ್ದನ್ನ ಟೈಮ್ ಸಮೇತ ಬರೆದಿಟ್ಟೋನು ಈ ಜಿಲ್ಲೇಲೇ ನೀನೊಬ್ಬ ಇರಬೇಕು ಕಣಯ್ಯಾ!" ರುದ್ರೇಶ್ ನಕ್ಕರು. ನಕ್ಕದ್ದಕ್ಕೇ ಚಾಮಯ್ಯನಿಗೆ ತನ್ನ ಕೆಲಸ ಹೋಯಿತು ಅಂತ ಖಾತ್ರಿಯಾಯಿತು.

ಅಮೃತೇಶ್‌ಗೆ ಮಾತ್ರ ಆ ಪುಸ್ತಕ ನೋಡಿ ಖುಷಿಯೋ ಖುಷಿ. "ಸರ್, ಇಷ್ಟು ಚೆನ್ನಾಗಿ ಯಾರೂ ಬರೆದಿಡಲ್ಲ. ಇದನ್ನಿಟ್ಟುಕೊಂಡೇ ಮಾಡಬಹುದು. ಡಿಪೋದಿಂದ ಫೋನ್ ಬಂದ್ರೆ ಮಿಷನ್ ತಾನಾಗೇ ಏಳುತ್ತೆ. ಹದಿನೈದು ನಿಮಿಷ ಕೆಲಸ ಇಲ್ಲ ಅಂದ್ರೆ ತಾನಾಗೇ ಮಲಗುತ್ತೆ. ಗೋಡೆ ಫ್ಯಾನನ್ನೂ ಅದಕ್ಕೇ ಸೇರಿಸಿಬಿಡ್ತೀನಿ. ಯಾರೂ ಕೂರಬೇಕಾಗಿಲ್ಲ."

ಒಂದು ವಾರ ಅವನು ತಂತಿ ಎಳೆದ, ಏನೇನೋ ಬರೆದ. ಚಾಮಯ್ಯ ಅವನಿಗೆ ಟೀ ತಂದುಕೊಟ್ಟ. ಕೊನೆಯ ದಿನ ಧೈರ್ಯ ಮಾಡಿ ಕೇಳಿದ.

"ಸಾ, ಸುಮ್ಕಿರೋದಕ್ಕೂ ಮುಗ್ದೋಗಿರೋದಕ್ಕೂ ಇದ್ಕೆ ವ್ಯತ್ಯಾಸ ಗೊತ್ತಾದ್ದಾ?"

ಅಮೃತೇಶ್ ಒಳ್ಳೆಯ ಹುಡುಗ, ಯೋಚಿಸಿಯೇ ಉತ್ತರ ಕೊಟ್ಟ. "ಇಲ್ಲ ಚಾಮಯ್ಯನೋರೇ. ಅದಕ್ಕೆ ಎರಡೂ ಒಂದೇ."

"ಅರ್ಧ ಗಂಟೆ ಮಾಡಕ್ಕಾಗಲ್ವ ಸಾ, ಹದಿನೈದರ ಬದ್ಲು?"

"ಮಾಡಬಹುದು. ಯಾಕೆ, ಏನಾದ್ರೂ ಇದೆಯಾ?"

ಚಾಮಯ್ಯ ಖಾಲಿ ಲೋಟಗಳನ್ನು ಎತ್ತಿಕೊಂಡ. "ಏನಿಲ್ಲ ಸಾ, ಸುಮ್ನೆ ಕೇಳ್ದೆ."

ಅವತ್ತು ಮಧ್ಯಾಹ್ನ ತಾನೇ ಡಿಪೋಗೆ ಫೋನ್ ಮಾಡಿದ. "ಇನ್ಮೇಲೆ ಮೂರು ರಿಂಗ್ ಕೊಡ್ಬ್ಯಾಡ ಕಣವ್ವ. ಅದೇ ಎದ್ದತದೆ, ಅದೇ ಮನೀಕತದೆ. ಹದ್ನೈದು ನಿಮಿಷ ನೋಡ್ತದಂತೆ, ಅಷ್ಟೇಯ. ಮಗೀಗೆ ಕೊಡುವಾಗ ನಡುವೆ ಒಂದಕ್ಷರ ಒತ್ತು, ತಿಳ್ಕತದೆ ಎಚ್ಚರವಾಗವ್ಳೆ ಅಂತ."

"ಹಂಗಾದ್ರೆ ನೀವೆಲ್ಲಿರ್ತೀರಣ್ಣಾ?"

"ನಾನಾ? ಇಲ್ಲೇ ಇದ್ದೀನಿ. ನಾನೆಲ್ಲಿಗೋದನು?"

ತಿಂಗಳ ಕೊನೆಗೆ ಅವನನ್ನು ಕೆಲಸದಿಂದ ಬಿಡಿಸಿದರು. ಬೇಲಿ ಕಟ್ಟುವುದೋ ಕಳೆ ಕೀಳುವುದೋ ಊರಿನಲ್ಲಿ ಸಿಕ್ಕ ಕೂಲಿಗೆ ಹೋದ. ನಂಜನಗೂಡಿಗೆ ಬಂದಾಗಲೆಲ್ಲ ಬೆಟ್ಟಸ್ವಾಮಿಯ ಹತ್ತಿರ ಒಂದು ಗಳಿಗೆ ನಿಂತು ಹೋಗುತ್ತಿದ್ದ. ಆರು ವಾರ ಕಳೆದಿರಬೇಕು, ಬೆಟ್ಟಸ್ವಾಮಿ ಕಂಡ ತಕ್ಷಣ ಹೇಳಿದ.

"ಕೇಳ್ದ್ಯಾ? ನರಸೀಪುರದ ಉಡುಗಿ ಯಾವನೋ ರಂಗನಾಯಕ ಅನ್ನೋನಿಗೆ ನಾಕು ಮೂಟೆ ಅನ್ನೋ ಕಡೆ ನಲ್ವತ್ನಾಕು ಅಂತ ಒತ್ತಿಟ್ಟದೆ. ಅವ್ನು ನಲ್ವತ್ನಾಕೂ ಕೊಡಿ ಅಂತ ಕೂತವ್ನೆ. ನಮ್ ಸಾ ಜೀಪ್ ತಕ್ಕಂಡು ಓದ್ರಾ, ನೋಡ್ತಾರೆ, ಮೂಟೆ ಇಂದೆ ಜೋಲಿ! ಒಂದು ಕೈಲಿ ಮಗ, ಒಂದು ಕೈಲಿ ಕಂಪ್ಯೂಟ್ರು. ನಾಳೆಯಿಂದ ಒಂದೋ ಮಗ, ಇಲ್ಲಾ ಕೆಲ್ಸ ಅಂದ್ಬುಟ್ರಂತೆ."

ಚಾಮಯ್ಯ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ನಡುವೆ ಒಂದಕ್ಷರ ಒತ್ತು ಅಂದವನು ತಾನು. ಸೊನ್ನೆ ಹಾಕಿದವನೂ ತಾನೇ.

ಮುಂದಿನ ಸೋಮವಾರ ನಂಜನಗೂಡಿನ ಪೇಟೆಯೆಲ್ಲ ಹುಡುಕಿ ನಾಲ್ಕು ರಸಬಾಳೆ ಹಣ್ಣು ಕೊಂಡ. ಮಗುವಿಗೆ ಕಿವುಚಿ ತಿನ್ನಿಸಲು ಅದಕ್ಕಿಂತ ಮೆತ್ತನೆಯದು ಇಲ್ಲ. ನರಸೀಪುರದ ಬಸ್ಸು ಹತ್ತಿದ. ಡಿಪೋದಲ್ಲಿ ಮೇಜಿನ ಮುಂದೆ ತೆಳ್ಳನೆಯ ಹೆಂಗಸೊಬ್ಬಳು ತಲೆ ಬಗ್ಗಿಸಿ ಒತ್ತುತ್ತಿದ್ದಳು.

"ಯಾವ ತಳಿ ಬೇಕು ಯಜಮಾನ್ರೇ? ಬೀಜದ ಪುಸ್ತಕ ತಂದಿದೀರಾ?"

"ಬೀಜ ಬ್ಯಾಡ ಕಣವ್ವ."

ದನಿ ಕೇಳಿ ಅವಳು ತಲೆಯೆತ್ತಿದಳು. ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಆಮೇಲೆ, "ಚಾಮಣ್ಣಾ, ನೀವು ಇಷ್ಟು ಸಣ್ಣಕ್ಕಿದೀರಾ? ಫೋನಲ್ಲಿ ದೊಡ್ಡ ಆಳು ಅಂದ್ಕೊಂಡಿದ್ದೆ," ಅಂದು ನಗಲು ನೋಡಿದಳು.

ಮೂಟೆಗಳ ಹಿಂದೆ ಜಂತಿಗೆ ಹಗ್ಗದ ಎರಡು ತುಂಡು ನೇತಾಡುತ್ತಿದ್ದವು.

"ಅಮ್ಮನ ಹತ್ರ ಬಿಟ್ಟೆ. ಡಬ್ಬಿ ಹಾಲು ಕೊಡ್ತಾವ್ರೆ. ಹಿಡಿಸ್ತಿಲ್ಲ, ಮೂರು ದಿನದಿಂದ ಭೇದಿ. ನಿನ್ನೆ ಭಾನುವಾರ ಹೋಗಿದ್ದೆ, ನನ್ನ ಕಂಡು ಅಳಲಿಲ್ಲ ಅಣ್ಣಾ. ಸುಮ್ಮನೆ ನೋಡ್ತು."

ಹಣ್ಣು ಕೊಟ್ಟ. ಅವಳು ಕೈನೀಡಿ ತೆಗೆದುಕೊಂಡಾಗ ಮಲ್ಲಿಗೆಯ ವಾಸನೆ ಗಮ್ಮೆಂದು ಬಂತು. ಅವಳ ಮುಡಿ ನೋಡಿದ. ಒಂದು ಎಸಳು ಹೂವೂ ಇರಲಿಲ್ಲ. ಹಿಂದೆ ನಿಂತಿದ್ದ ರೈತರು ಗೊಣಗತೊಡಗಿದರು. ಅವಳು ಪದೇ ಪದೇ ಗೋಡೆಯ ಗಡಿಯಾರ ನೋಡುತ್ತಿದ್ದಳು. ಚಾಮಯ್ಯ ಬರುತ್ತೇನೆಂದು ಹೇಳಿ ಹೊರಟ.

ಊರಿಗೆ ಬಂದವನು ಮಂಚಮ್ಮನಿಗೆ ಎಲ್ಲವನ್ನೂ ಹೇಳಿ, "ಮಲ್ಲಿಗೆ ಗಮ್ಮಂತಿತ್ತು ಕಣಮ್ಮಿ. ತಲೇಲಿ ನೋಡುದ್ರೆ ಊವೇ ಇರ್ನಿಲ್ಲ," ಅಂದ.

ಮಂಚಮ್ಮ ಸೊಪ್ಪು ಬಿಡಿಸುತ್ತಿದ್ದಳು. ಕೈ ಅದರ ಪಾಡಿಗೆ ಬಿಡಿಸುತ್ತಲೇ ಇತ್ತು.

"ತಲೇಗಲ್ಲ. ಎದೆಗೆ ಕಟ್ಕತರೆ. ಮಗ ದೂರಾದ್ರೂ ಆಲು ನಿಲ್ಲಲ್ಲ, ಒತ್ತೊತ್ತಿಗೆ ತುಂಬ್ಕಂಡು ಕಲ್ಲಂಗಾಯ್ತದೆ. ಮಲ್ಲಿಗೆ ಕಟ್ಟಿದ್ರೆ ಬತ್ತೋಯ್ತದೆ ಅಂತರೆ." ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚುತ್ತಾ, "ನಮ್ ಮೊದಲ್ನೇ ಕೂಸು ತೀರ್ಕಂಡಾಗ ನಂಗೂ ಕಟ್ಟಿದ್ರಲ್ಲ. ನಿಂಗೆ ಗೊತ್ತಾಗ್ನಿಲ್ಲ. ನೀನು ಮೋಟ್ರಿನ ಅತ್ರ ಇದ್ದೆ," ಅಂದಳು.

ಆ ಭಾನುವಾರ, ಡಿಪೋಗೆ ರಜೆಯಿದ್ದ ದಿನ, ಚಾಮಯ್ಯ ಮತ್ತೆ ನಂಜನಗೂಡಿಗೆ ಬಂದ. ಕಂಪನಿಯ ಎದುರಿನ ಟೀ ಅಂಗಡಿಯಲ್ಲಿ ಒಂದು ಹಳದಿ ಕಾಯಿನ್ ಫೋನ್ ಇತ್ತು. ಹನ್ನೊಂದಾಗುವವರೆಗೆ, ಆ ಇಪ್ಪತ್ತೆರಡು ನಿಮಿಷದ ಹಾಲಿನ ಹೊತ್ತಾಗುವವರೆಗೆ, ಬೆಂಚಿನ ಮೇಲೆ ಕಾದು ಕೂತ. ಆಮೇಲೆ ಎದ್ದು ರೂಪಾಯಿ ಹಾಕಿ ಸರ್ವರಿನ ನಂಬರು ಒತ್ತಿದ. ಮೂರನೆಯ ರಿಂಗಿಗೆ ಕಿವಿಯೊಳಗೆ ಆ ಪುಟ್ಟ ಡಬ್ಬಿಯ ಕೀರಲು ಸದ್ದು ಬಂತು. ಫೋನ್ ಇಟ್ಟ. ರಸ್ತೆಯಾಚೆ, ಬೀಗ ಹಾಕಿದ ಕೋಣೆಯ ಗೋಡೆಯಲ್ಲಿ ಫ್ಯಾನು ತಿರುಗುತ್ತಿತ್ತು. ಕರೆದಕೂಡಲೇ ಎದ್ದಿತ್ತು, ಯಾರು ಕರೆದದ್ದು ಅಂತ ಕೇಳಿರಲಿಲ್ಲ.

ಬೆಂಚಿಗೆ ಬಂದು ತೊಡೆಯ ಮೇಲೆ ಕೈಯಿಟ್ಟು ಕೂತ. ಟೀ ಅಂಗಡಿಯ ಗಡಿಯಾರದಲ್ಲಿ ಹದಿನೈದು ನಿಮಿಷ ಆಯಿತು. ಫ್ಯಾನು ನಿಧಾನವಾಯಿತು, ರೆಕ್ಕೆಗಳು ಒಂದೊಂದೇ ಕಾಣಿಸಿಕೊಂಡವು, ನಿಂತಿತು.

ಗೇಟಿನಿಂದ ಬೆಟ್ಟಸ್ವಾಮಿ ಕೂಗಿದ. "ಯಾರ್ಗ್ಲಾ ಕಾಯ್ತಾ ಕೂತಿದ್ದೀಯ? ಎದ್ ಬಾ ಈ ಕಡೀಕೆ."

"ತಡಿಲಾ," ಅಂದ ಚಾಮಯ್ಯ, ಫ್ಯಾನಿನ ಕಡೆಯಿಂದ ಕಣ್ಣು ತೆಗೆಯದೆ. "ಇನ್ನೂ ಏಳು ನಿಮಿಷ ಅದೆ."