ಬಾಗಿಲಕ್ಕ ಹೊಗಳಿದ ಗರಗಸ

ಬೀದಿದೀಪ ಇನ್ನೂ ಆರಿಲ್ಲ. ಎರಡು ಗೋಡೌನುಗಳ ನಡುವಿನ ಸಂದಿಯಲ್ಲಿ ತಗಡು ಹೊದಿಸಿದ ಒಂದು ಶೆಡ್ಡು. ಅದರ ಶಟರ್ ಅರ್ಧ ಮಾತ್ರ ಮೇಲೇರಿದೆ. ಒಳಗೆ ಹೆಂಗಸೊಬ್ಬರು ಬಾಗಿಲಿನ ಹಲಗೆಯನ್ನು ಸ್ಟ್ಯಾಂಡಿನ ಮೇಲೆ ಮಲಗಿಸಿ, ಪೆನ್ಸಿಲ್ ಗೆರೆಗುಂಟ ವಿದ್ಯುತ್ ಗರಗಸವನ್ನು ಓಡಿಸುತ್ತಿದ್ದಾರೆ. ಗೆರೆ ಮುಗಿಯುತ್ತದೆ, ಸ್ವಿಚ್ಚಿನಿಂದ ಬೆರಳು ಏಳುತ್ತದೆ. ಆದರೆ ಅವರು ಮಷೀನನ್ನು ಕೆಳಗಿಡುವುದಿಲ್ಲ. ಎರಡೂ ಕೈಯಲ್ಲಿ ಮೈಯಿಂದ ದೂರ ಹಿಡಿದು, ಬ್ಲೇಡು ಸುತ್ತುವುದನ್ನು ಪೂರ್ತಿ ನಿಲ್ಲಿಸುವವರೆಗೆ ರೆಪ್ಪೆ ಬಡಿಯದೆ ನೋಡುತ್ತಾರೆ. ನಿಂತ ಮೇಲೆ ಬಗ್ಗಿ, ಬ್ಲೇಡಿನ ಹಲ್ಲುಗಳ ಮೇಲೆ ಕವಚ ಮುಚ್ಚಿಕೊಂಡಿದೆಯೇ ಎಂದು ಇನ್ನೊಮ್ಮೆ ನೋಡುತ್ತಾರೆ. ಆಮೇಲಷ್ಟೇ ಉಸಿರು ಬಿಡುತ್ತಾರೆ.

"ಇಷ್ಟು ಹೆದರಿಕೊಂಡು ಈ ಕೆಲಸ ಯಾಕಮ್ಮ ಅಂತಾರೆ ಜನ," ಎನ್ನುತ್ತಾರೆ ಅವರು, ಕಿವಿಗೆ ತುರುಕಿದ್ದ ಹತ್ತಿ ತೆಗೆಯುತ್ತ. "ಮೊದಲು ಹೆದರಿಕೆ ಇರ್ಲಿಲ್ಲ ನನಗೆ. ಹೆದರಿಕೆ ಇಲ್ಲದೆ ಇದ್ದಾಗಲೇ ನಾನು ಸಾಯೋ ಹಾಗೆ ಇದ್ದದ್ದು."

ಸುತ್ತಲಿನವರು ಇವರನ್ನು ಕರೆಯುವುದು ಬಾಗಿಲಕ್ಕ ಎಂದು. ಕಪಾಟು, ಮಂಚ, ಮೇಜು ಯಾವುದನ್ನೂ ಇವರು ಮಾಡುವುದಿಲ್ಲ. ಬಾಗಿಲು ಮಾತ್ರ. ಮದುವೆಯಾಗಿ ಬಂದಾಗ ಗಂಡ ಬಡಗಿ, ಇವರು ಹಲಗೆಯ ಇನ್ನೊಂದು ತುದಿ ಹಿಡಿಯುವವರು. ಹಿಡಿಯುತ್ತ ಹಿಡಿಯುತ್ತ ಕೊಯ್ಯುವುದು ಬಂತು, ಕೊಯ್ಯುತ್ತ ಕೂಡಿಸುವುದು ಬಂತು. ಗಂಡನ ಸೊಂಟ ಕೈಕೊಟ್ಟ ವರ್ಷ ತುದಿ ಹಿಡಿಯುವವರು ಅದಲುಬದಲಾದರು. ಈಗ ಅವರು ಕುಳಿತಲ್ಲೇ ಪಾಲಿಶ್ ಹಚ್ಚುತ್ತಾರೆ, ಇವರು ಮರ ಕೊಯ್ಯುತ್ತಾರೆ. ಮೊದಮೊದಲು ಗಿರಾಕಿಗಳು ಶೆಡ್ಡಿನೊಳಗೆ ಇಣುಕಿ, "ಯಜಮಾನರು ಇಲ್ವಾ?" ಎಂದು ಕೇಳಿ ಹೊರಟೇ ಹೋಗುತ್ತಿದ್ದರಂತೆ. "ಇದ್ದಾರೆ, ಬ್ರಶ್ ತೊಳೀತಿದ್ದಾರೆ ಅಂತಿದ್ದೆ," ಎಂದು ಬಾಗಿಲಕ್ಕ ನಗುತ್ತಾರೆ. ಪಕ್ಕದಲ್ಲಿದ್ದ ಯಜಮಾನರೂ ನಗುತ್ತಾರೆ. ಹಳೆಯ ನಗು ಅದು, ಸವೆದು ನುಣುಪಾಗಿದೆ.

ಇಂಥವರು ಗರಗಸವೊಂದರ ಬಗ್ಗೆ ಮಾತಾಡಿ ಊರೂರಿನ ಬಡಗಿಗಳ ನಿದ್ದೆ ಕೆಡಿಸಿದ್ದು ಕಳೆದ ಬೇಸಿಗೆಯಲ್ಲಿ.

ಮರಗೆಲಸದವರದ್ದೇ ಒಂದು ಬಳಗವಿದೆ, ಫೋನಿನಲ್ಲಿ. ಬೇರೆ ಬೇರೆ ಊರುಗಳ ಸಾವಿರಾರು ಜನ ಅದರಲ್ಲಿದ್ದಾರೆ. ಮಾಡಿದ್ದನ್ನು ತೋರಿಸುತ್ತಾರೆ, ಕೆಟ್ಟುಹೋದದ್ದರ ಬಗ್ಗೆ ಕೇಳುತ್ತಾರೆ, ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ. ಅದನ್ನು ನಡೆಸುವವರು ಕುರ್ಚಿ ಮಾವ ಎಂದೇ ಎಲ್ಲರಿಗೂ ಗೊತ್ತಿರುವ ಹಿರಿಯರು, ಜೀವಮಾನವೆಲ್ಲ ಕುರ್ಚಿ ಮಾಡಿದವರು. ಬೇಸಿಗೆಯಲ್ಲಿ ಅವರೊಂದು ಸ್ಪರ್ಧೆ ಇಟ್ಟರು. ನೀವು ದಿನಾ ಬಳಸುವ ಒಂದು ವಿದ್ಯುತ್ ಉಪಕರಣದ ಬಗ್ಗೆ, ಅದರ ಒಳಿತು ಕೆಡುಕು ಹೇಳಿ, ಚಿಕ್ಕದೊಂದು ವಿಡಿಯೊ ಕಳಿಸಿ. ಗೆದ್ದವರಿಗೆ ಮೇಜಿಗೇ ಬ್ಲೇಡು ಕೂರಿಸಿದ ದೊಡ್ಡ ಮೇಜುಗರಗಸ. ಬಹುಮಾನ ಕೊಡುವುದು ಉಪಕರಣ ತಯಾರಿಸುವ ಒಂದು ಕಂಪನಿ.

ಬಾಗಿಲಕ್ಕನಿಗೆ ಆ ಮೇಜುಗರಗಸದ ಮೇಲೆ ಕಣ್ಣು ಬಿತ್ತು. ಅವರ ವಿದ್ಯುತ್ ಗರಗಸವೂ ಅದೇ ಕಂಪನಿಯದು, ಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. "ಅದನ್ನೇ ಹೊಗಳಿದ್ರೆ ಅವರಿಗೂ ಖುಷಿ, ನಮಗೂ ಖುಷಿ ಅಂತ ಲೆಕ್ಕ ಹಾಕಿದ್ದೆ. ಸುಳ್ಳು ಹೇಳೋದೂ ಇರ್ಲಿಲ್ಲ. ನಿಜವಾಗ್ಲೂ ನನಗೆ ಅದರ ಮೇಲೆ ಪ್ರೀತಿ."

ದರ್ಜಿ ಅಂಗಡಿಯಲ್ಲಿ ಕೆಲಸ ಮಾಡುವ ನಾದಿನಿ ರಜೆಯ ದಿನ ಬಂದು ಫೋನು ಹಿಡಿದಳು. ಬಾಗಿಲಕ್ಕ ತಲೆ ಬಾಚಿ, ಒಗೆದ ಏಪ್ರನ್ ಕಟ್ಟಿ ನಿಂತರು. ತೆಳು ಪ್ಲೈವುಡ್ ಒಂದನ್ನು ಸರ್ರನೆ ಕೊಯ್ದು ತೋರಿಸಿದರು. ಕೊಯ್ದದ್ದಾದ ಮೇಲೆ, ದಿನಾ ಮಾಡುವ ಹಾಗೆಯೇ, ಮಷೀನನ್ನು ಬಲತೊಡೆಗೆ ಒರಗಿಸಿಕೊಂಡು ಕ್ಯಾಮೆರಾ ನೋಡಿ ಮಾತಾಡಿದರು. ಕೈಗೆ ಹಗುರ, ಗೆರೆ ಬಿಟ್ಟು ಅಲುಗೋದಿಲ್ಲ, ಬಾಗಿಲ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದೆಲ್ಲ ಹೇಳಿ, ಕೊನೆಗೆ ಅದರ ಬೆನ್ನು ತಟ್ಟಿ, "ಇದನ್ನ ಕಣ್ಣು ಮುಚ್ಚಿ ನಂಬಬಹುದು" ಎಂದರು.

"ಅತ್ತಿಗೆ, ಒಳ್ಳೆ ಟೀವಿಯವರ ಹಾಗೆ ಮಾತಾಡಿದ್ರಿ!" ಎಂದಳು ನಾದಿನಿ.

ಸಂಜೆ ಊಟದ ಮೇಜಿನ ಮುಂದೆ ಮೂವರೂ ಕೂತು ಅದನ್ನು ನೋಡಿದರು. ಮೊದಲ ಸಲ ಎಲ್ಲರೂ ನಕ್ಕರು. ಎರಡನೇ ಸಲ ನಾದಿನಿ, ಅತ್ತಿಗೆಯ ಮುಖ ಸರಿಯಾಗಿ ಕಾಣುವ ಚಿತ್ರವೊಂದನ್ನು ಆರಿಸಲೆಂದು ವಿಡಿಯೊವನ್ನು ನಿಧಾನಕ್ಕೆ ಓಡಿಸಿದಳು. ಓಡಿಸುತ್ತಿದ್ದವಳು ಗಕ್ಕನೆ ನಿಲ್ಲಿಸಿದಳು.

"ಅತ್ತಿಗೆ, ಇದು ಏನು?"

ಬಾಗಿಲಕ್ಕ ಬಗ್ಗಿ ನೋಡಿದರು. ಮಷೀನು ತೊಡೆಗೆ ಒರಗಿದೆ. ಮರದಿಂದ ಎದ್ದ ತಕ್ಷಣ ತಾನೇ ಮುಚ್ಚಿಕೊಳ್ಳಬೇಕಾದ ಕವಚ ಅರ್ಧದಲ್ಲಿ ಸಿಕ್ಕಿ ನಿಂತಿದೆ. ಅದರ ಕೆಳಗೆ ಬ್ಲೇಡು ಬರಿಮೈಯಲ್ಲಿ ಸುತ್ತುತ್ತಿದೆ, ಸ್ವಿಚ್ಚು ಬಿಟ್ಟಿದ್ದರೂ ಇನ್ನೂ ಜೋರಾಗಿ. ತೊಡೆಗೂ ಹಲ್ಲಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗವಿಲ್ಲ. ಏಪ್ರನ್ನಿನ ಅಂಚಿನಿಂದ ದಾರವೊಂದು ಕಿತ್ತು ಗಾಳಿಯಲ್ಲಿ ಹಾರುತ್ತದೆ. ಅದರ ಮೇಲೆ, ಅದೇ ಚೌಕಟ್ಟಿನಲ್ಲಿ, ಅವರದೇ ಮುಖ ಹಲ್ಲು ಬಿಟ್ಟು ನಗುತ್ತಿದೆ.

ಅದನ್ನು ಹೇಳುವಾಗ ಈಗಲೂ ಬಾಗಿಲಕ್ಕನ ಕೈ ತೊಡೆಯ ಮೇಲೆ ಹೋಗುತ್ತದೆ. "ಹಾವನ್ನ ಮಡಿಲಲ್ಲಿ ಮಲಗಿಸ್ಕೊಂಡು ಜೋಗುಳ ಹಾಡ್ತಿದ್ದೆ ನೋಡಿ."

ಅದಕ್ಕಿಂತ ದೊಡ್ಡ ಆಘಾತ ಕಾದಿತ್ತು. ಗಂಡ ಎದ್ದು, ಗೋಡೆಯ ಮೊಳೆಗೆ ನೇತುಹಾಕಿದ್ದ ಹಳೆಯ ಏಪ್ರನ್ ತಂದು ದೀಪದ ಕೆಳಗೆ ಬಿಡಿಸಿದರು. ಬಲಗಡೆಯ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಕಚ್ಚು. ಹಳೆಯವು, ಹೊಸವು. ಒಂದಂತೂ ಬಟ್ಟೆ ದಾಟಿ ಒಳಗಿನ ಜೇಬಿನವರೆಗೂ ಹೋಗಿತ್ತು. ಬಾಗಿಲಕ್ಕ ಅದನ್ನು ಎಷ್ಟೋ ಸಲ ನೋಡಿದ್ದರು. ಇಲಿ ಕಡಿದಿದೆ ಎಂದುಕೊಂಡು ಶೆಡ್ಡಿನಲ್ಲಿ ಬೋನು ಬೇರೆ ಇಟ್ಟಿದ್ದರು!

"ಆ ಬೋನಿಗೆ ಒಂದು ಇಲಿನೂ ಬೀಳ್ಲಿಲ್ಲ," ಎನ್ನುತ್ತಾರೆ ಅವರ ಗಂಡ. "ಬೀಳಬೇಕಾಗಿದ್ದವಳು ಇವಳು."

ಮರುದಿನ ಗಂಡ ಹೆಂಡತಿ ಕವಚವನ್ನು ಮತ್ತೆ ಮತ್ತೆ ಎತ್ತಿ ಬಿಟ್ಟು ನೋಡಿದರು. ಬರಿಗೈಯಲ್ಲಿ ಎತ್ತಿದರೆ ಪ್ರತಿಸಲವೂ ಟಪ್ ಎಂದು ಮುಚ್ಚುತ್ತದೆ. ದಪ್ಪ ಹಲಗೆ ಕೊಯ್ದರೂ ಮುಚ್ಚುತ್ತದೆ. ತೆಳು ಹಲಗೆಗೆಂದು ಬ್ಲೇಡನ್ನು ಮೇಲಕ್ಕೆ ಎಳೆದುಕೊಂಡು, ಕಡಿಮೆ ಆಳಕ್ಕೆ ಇಳಿಯುವಂತೆ ಮಾಡಿ ಕೊಯ್ದಾಗ ಮಾತ್ರ, ಅದೂ ಆಗೊಮ್ಮೆ ಈಗೊಮ್ಮೆ, ಸಿಕ್ಕಿಕೊಳ್ಳುತ್ತದೆ. ಹೊಟ್ಟು ಕಟ್ಟಿರಲಿಲ್ಲ, ಸ್ಪ್ರಿಂಗು ಮುರಿದಿರಲಿಲ್ಲ. ಮಷೀನು ಹುಟ್ಟಿದ್ದೇ ಹಾಗೆ.

ವಿಡಿಯೊ ಕಳಿಸುವುದು ಬೇಡ ಎಂದರು ಗಂಡ. "ನಗ್ತಾರೆ ಕಣೇ. ಹೆಂಗಸರಿಗೆ ಯಾಕೆ ಈ ಕೆಲಸ ಅನ್ನೋಕೆ ಕಾಯ್ಕೊಂಡು ಕೂತಿದ್ದಾರೆ. ನೀನೇ ಹೋಗಿ ಬೆಲ್ಲ ಕೊಟ್ಟ ಹಾಗಾಗುತ್ತೆ."

"ನಗಲಿ ಬಿಡಿ. ನಕ್ಕವರ ಮನೆಯಲ್ಲೂ ಇದೇ ಮಷೀನು ಇದ್ರೆ?"

ವಿಡಿಯೊದಲ್ಲಿ ಒಂದಕ್ಷರವನ್ನೂ ಅವರು ಕತ್ತರಿಸಲಿಲ್ಲ. ಹೊಗಳಿಕೆ ಹಾಗೇ ಇತ್ತು, ನಗುವೂ ಹಾಗೇ ಇತ್ತು. ಕೊನೆಗೆ ಒಂದು ಮಾತು ಸೇರಿಸಿದರು, ಅಷ್ಟೇ: "ನಾನು ಹೇಳಿದ್ದು ಕೇಳಿದ್ರಲ್ಲ. ಈಗ ವಿಡಿಯೊ ಹಿಂದಕ್ಕೆ ಓಡಿಸಿ, ನಿಧಾನಕ್ಕೆ ನನ್ನ ಕಾಲು ನೋಡಿ."

ಗಂಡ ಹೇಳಿದಂತೆಯೇ ಆಯಿತು. "ಅಕ್ಕ, ಮಿಕ್ಸಿ ಬಗ್ಗೆ ಒಂದು ಹಾಕಿ" ಎಂದು ಒಬ್ಬ ಬರೆದ. ಮಷೀನು ತೊಡೆಗೆ ಒರಗಿಸುವುದೇ ತಪ್ಪು ಎಂದು ಇನ್ನೊಬ್ಬ ಉಪದೇಶ ಕೊಟ್ಟ. ಅದು ತಪ್ಪೇ, ಬಾಗಿಲಕ್ಕ ಒಪ್ಪಿಕೊಂಡರು. ಆಮೇಲೆ ಯಾರೋ ಒಂದು ಚಿತ್ರ ಹಾಕಿದರು. ಬಲತೊಡೆಯ ಬಳಿ ಹರಿದ ಪ್ಯಾಂಟು. ಮಾತಿಲ್ಲ, ಬರೀ ಚಿತ್ರ. ಅದರ ಹಿಂದೆಯೇ ಇನ್ನೊಂದು, ಕಚ್ಚಿಹೋದ ಮೇಜಿನ ಅಂಚು. ಮತ್ತೊಂದು, ತುಂಡಾದ ವೈರು. "ಈಗಷ್ಟೇ ನೋಡಿದೆ, ನನ್ನದೂ ಮುಚ್ಚುತ್ತಿಲ್ಲ." "ನನ್ನ ತಮ್ಮನದೂ." ಮಿಕ್ಸಿಯವನ ಬರಹ ಮಾಯವಾಗಿತ್ತು. ಬಳಗಕ್ಕೆ ಬಳಗವೇ ದಂಗಾಗಿ ಕೂತಿತು.

ಅದೆಲ್ಲದರ ನಡುವೆ ಬಂತು ಒಂದು ಧ್ವನಿ ಸಂದೇಶ. ಬೇರೆ ಊರಿನ, ಕಪಾಟು ಮಾಡುವ ಒಬ್ಬರದು. ಮೊದಲಿಗೆ ಬರೀ ಉಸಿರು ಕೇಳುತ್ತದೆ. ಆಮೇಲೆ ಮಾತು: "ಅಕ್ಕ, ಚಳಿಗಾಲದಲ್ಲಿ ನನ್ನ ತೊಡೆ ಕೊಯ್ದುಹೋಯ್ತು. ಇದೇ ಮಷೀನು. ಆಸ್ಪತ್ರೆಯಲ್ಲಿ, ಮನೆಯಲ್ಲಿ, ಅಂಗಡಿಯಲ್ಲಿ, ಎಲ್ಲರೂ ಅಂದಿದ್ದು ಒಂದೇ. ನೀನು ನೋಡ್ಕೋಬೇಕಿತ್ತು. ನಾನೂ ಹಾಗೇ ಅಂದ್ಕೊಂಡಿದ್ದೆ. ಕೆಲಸ ಬಿಟ್ಟುಬಿಟ್ಟೆ ಅಕ್ಕ. ಕೈಯಲ್ಲಿ ಏನು ಹಿಡಿದ್ರೂ ನಡುಗುತ್ತೆ. ಅದು ನನ್ನ ತಪ್ಪಲ್ವಾ? ನಿಜವಾಗ್ಲೂ ಅಲ್ವಾ?"

ಬಾಗಿಲಕ್ಕ ಅದನ್ನು ಕೇಳಿ ಫೋನು ಮೇಜಿನ ಮೇಲೆ ಮಗುಚಿಟ್ಟು ಶೆಡ್ಡಿನ ಹೊರಗೆ ಹೋಗಿ ನಿಂತರು. "ನನ್ನ ಕಾಲು ಉಳಿದಿದ್ದಕ್ಕೆ ನಾಚಿಕೆ ಆಯ್ತು. ಅದೇ ಮಷೀನು, ಅದೇ ತೊಡೆ. ನಾನು ನಗ್ತಿದ್ದೆ."

ಎರಡು ದಿನದಲ್ಲಿ ಕುರ್ಚಿ ಮಾವನ ಫೋನು ಬಂತು. ಅಷ್ಟು ಗಟ್ಟಿ ಮನುಷ್ಯನ ದನಿ ಅವತ್ತು ಎಲ್ಲೋ ಬಾವಿಯೊಳಗಿಂದ ಬಂದ ಹಾಗಿತ್ತು.

"ತಾಯಿ, ಕಂಪನಿಯವರು ಮಾತಾಡಿದ್ರು. ಆ ವಿಡಿಯೊ ತೆಗೀದಿದ್ರೆ ಬಹುಮಾನ ಇಲ್ಲ, ಇನ್ಮುಂದೆ ಬಳಗಕ್ಕೆ ಏನೂ ಇಲ್ಲ ಅಂತಾರೆ. ತೆಗೆದ್ರೆ, ಮೇಜುಗರಗಸ ನಿನ್ನ ಮನೆಗೇ ಕಳಿಸ್ತಾರಂತೆ."

ಬಾಗಿಲಕ್ಕನಿಗೆ ತಾನು ಕೇಳಿದ್ದು ಸರಿಯೋ ಎಂದು ಅನುಮಾನ. "ನಾನು ಗೆದ್ದೆ ಅಂತಾನಾ ಮಾವ?"

"ಹಾಗೇ ಅಂದ್ಕೋ."

ಬಾಗಿಲಕ್ಕ ಹೇಳಿದರು: "ಬಳಗ ನಿಮ್ಮದು. ತೆಗಿ ಅಂದ್ರೆ ತೆಗೀತೀನಿ. ಆದರೆ ಆ ಕಪಾಟಿನವರಿಗೆ ನೀವೇ ಒಂದು ಫೋನು ಮಾಡಿಬಿಡಿ. ತಪ್ಪು ನಿಂದೇ ಅಂತ ಇನ್ನೊಂದು ಸಲ ಹೇಳಿಬಿಡಿ. ನನ್ನ ಕೈಲಿ ಆಗಲ್ಲ."

ಕುರ್ಚಿ ಮಾವನ ದನಿ ಬಾವಿಯಿಂದ ಮೇಲೆ ಬಂತು. "ಈ ಕೆಲಸದಲ್ಲಿ ನನ್ನ ತಲೆ ಬೆಳ್ಳಗಾಯ್ತು. ಇಂಥ ಮಾತು ನಿನ್ನ ಹತ್ರ ಆಡೋಕೆ ಫೋನು ಎತ್ತಿದ್ನಲ್ಲ, ಛೆ. ಇರಲಿ ತಾಯಿ, ಅದು ಅಲ್ಲೇ ಇರಲಿ."

ಬಹುಮಾನ ಹಿಂದೆ ಹೋಯಿತು. ಸ್ಪರ್ಧೆಯಲ್ಲಿ ಗೆದ್ದವರೇ ಇಲ್ಲ. ಆದರೂ ವಿಡಿಯೊಗಳು ಬರುವುದು ನಿಲ್ಲಲಿಲ್ಲ, ಮೊದಲಿಗಿಂತ ಹೆಚ್ಚಾದವು. ಕಂಪನಿಯವರು ತಪ್ಪಾಯಿತು ಎಂದು ಎಲ್ಲೂ ಹೇಳಲಿಲ್ಲ. ಕೆಲವು ವಾರಗಳ ನಂತರ ಅಂಗಡಿಗಳವರು ಆ ಮಷೀನನ್ನು ಸದ್ದಿಲ್ಲದೆ ವಾಪಸು ತೆಗೆದುಕೊಳ್ಳತೊಡಗಿದರು. ಬದಲಿಗೆ ಬಂದದ್ದರ ಕವಚದ ಕೀಲು ಬೇರೆ ಥರದ್ದಿತ್ತು. ಬಾಗಿಲಕ್ಕನ ಕೈಯಲ್ಲಿ ಈಗ ಇರುವುದು ಅದೇ. ಈಗ ಅದನ್ನು ಯಾರೂ ಹೊಗಳುವುದಿಲ್ಲ. ಕೊಯ್ಯುತ್ತಾರೆ, ನಿಲ್ಲುವವರೆಗೆ ಕಾಯುತ್ತಾರೆ, ನೋಡುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕಪಾಟಿನವರು ಹೆಂಡತಿಯ ಜೊತೆ ಬಸ್ಸು ಹತ್ತಿ ಇಲ್ಲಿಗೇ ಬಂದರು. ಕುಂಟುತ್ತ ಒಳಗೆ ಬಂದವರು ಮೊದಲು ಕೇಳಿದ್ದು ಆ ಹಳೆಯ ಏಪ್ರನ್ನನ್ನು. ಅದರ ಕಚ್ಚುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಮಷೀನಿನ ಹತ್ತಿರ ಹೋಗಲಿಲ್ಲ, ಬಾಗಿಲಕ್ಕನೂ ಕರೆಯಲಿಲ್ಲ. ಬಾಗಿಲಕ್ಕ ಗೋಡೆಯಿಂದ ಕೈಗರಗಸವೊಂದನ್ನು ಇಳಿಸಿ ಅವರ ಕೈಗಿತ್ತು, ಹಲಗೆಯ ತುದಿ ತಾವು ಹಿಡಿದರು. "ನಿಧಾನಕ್ಕೆ ಕೊಯ್ಯಿ ತಮ್ಮಾ, ಇದಕ್ಕೆ ಕರೆಂಟು ಬೇಡ" ಎಂದರು. ಮೊದಲ ಎಳೆತಕ್ಕೆ ಗರಗಸ ಗೆರೆ ಬಿಟ್ಟು ಜಾರಿತು. ಎರಡನೆಯದಕ್ಕೂ ಜಾರಿತು. ಆಮೇಲೆ ಮರ ಕಚ್ಚಿಕೊಂಡಿತು. ಗೋಡೆಗೆ ಒರಗಿ ನಿಂತಿದ್ದ ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ನೋಡುತ್ತಿದ್ದರು. ಕೊಯ್ದು ಮುಗಿಸುವಷ್ಟರಲ್ಲಿ ಕಪಾಟಿನವರ ಅಂಗಿ ಬೆವರಲ್ಲಿ ತೊಯ್ದಿತ್ತು, ತುಂಡಾದ ಹಲಗೆಯನ್ನು ಅವರು ಊರಿಗೆ ಒಯ್ದರು.

ನಿಮಗಿನ್ನೇನು ಆಸೆ ಇದೆ ಎಂದು ಕೇಳಿದರೆ ಬಾಗಿಲಕ್ಕ ತಲೆ ಕೆರೆದುಕೊಳ್ಳುತ್ತಾರೆ. ಮೇಜುಗರಗಸ ಬಂದಿದ್ದರೆ ಚೆನ್ನಾಗಿತ್ತು, ಅದನ್ನು ಅವರು ಮುಚ್ಚಿಡುವುದಿಲ್ಲ. ಆಮೇಲೆ ಏನೋ ನೆನಪಾಗಿ ಮುಖ ಅರಳುತ್ತದೆ.

"ಮೊನ್ನೆ ಆ ಕಪಾಟಿನವರ ಹೆಂಡತಿ ಫೋನು ಮಾಡಿದ್ಲು. ಆ ಮನುಷ್ಯ ಕಾಲು ಕೊಯ್ದುಹೋದ ಮೇಲೆ ಇಷ್ಟು ದಿನ ತಟ್ಟೆಗೆ ಏನು ಹಾಕಿದ್ರೂ ತಲೆ ತಗ್ಗಿಸಿ ತಿಂದು ಏಳ್ತಿದ್ನಂತೆ, ಒಂದು ಮಾತಿಲ್ಲ. ಅವತ್ತು ಮಧ್ಯಾಹ್ನ ಹಣೆ ಗಂಟಿಕ್ಕಿ, ಇದೇನೇ ಇಷ್ಟೊಂದು ಉಪ್ಪು ಸುರಿದಿದೀಯ ಅಂತ ಜೋರು ಮಾಡಿದ್ನಂತೆ." ಬಾಗಿಲಕ್ಕ ಮುಂದಿನ ಹಲಗೆಯನ್ನು ಸ್ಟ್ಯಾಂಡಿನ ಮೇಲೆ ಎಳೆದುಕೊಳ್ಳುತ್ತಾರೆ. "ಅದನ್ನ ಹೇಳೋಕೆ ಅಂತಾನೇ ಫೋನು ಮಾಡಿದ್ಲು ನೋಡಿ. ಅಳ್ತಿದ್ಲು, ನಗ್ತಿದ್ಲು. ಉಪ್ಪು ಜಾಸ್ತಿ ಅಂದ್ರು ಅಕ್ಕ, ಉಪ್ಪು ಜಾಸ್ತಿ ಅಂದ್ರು, ಅಂತ."