ಅವ್ವನ ಸೆರಗು ಝಾಡಿಸಿದ ಅಂಗಡಿ

ಸಿಂದಗಿಯ ಆ ಜವಳಿ ಅಂಗಡಿ ಮುಚ್ಚಿ ಬಹಳ ವರ್ಷಗಳಾದವು. ಅದರ ಮಾಲೀಕನನ್ನು ನೆನೆದು ಜನ ಈಗಲೂ, "ಎಂಥಾ ಮಾಲ್ ಇಡ್ತಿದ್ದರಿ, ಎಷ್ಟು ಸಮಾಧಾನದ ಮನಷ್ಯಾ" ಎನ್ನುತ್ತಾರೆ. ಅವನನ್ನು ನಾನು ಕ್ಷಮಿಸಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಹನ್ನೊಂದು ವರ್ಷ. ಪಂಚಮಿ ಹಬ್ಬಕ್ಕೆ ಸೀರೆ ಕೊಳ್ಳಲು ಅವ್ವ ನನ್ನನ್ನು ಕರೆದುಕೊಂಡು ದೇವಣಗಾಂವದಿಂದ ಬಂದಿದ್ದಳು. ಅಂಗಡಿ ತುಂಬ ಹೆಂಗಸರು. ಅವ್ವ ಒಂದು ಇಳಕಲ್ ಸೀರೆ ಆರಿಸಿದಳು. ಅದಕ್ಕೊಪ್ಪುವ ಕುಪ್ಪಸದ ಖಣ ಯಾವುದೂ ಹಿಡಿಸದೆ ಎಲ್ಲವನ್ನೂ ಬದಿಗಿಟ್ಟಳು. ಅಷ್ಟರಲ್ಲಿ ಮಾಲೀಕ ಖಣಗಳನ್ನು ಎಣಿಸಿದ. ಒಂದು ಕಡಿಮೆಯಿತ್ತು.

"ಚೀಲ ಸುರುವವ್ವಾ," ಎಂದ.

ಅವ್ವ ಸುರುವಿದಳು. ಚಹಾಪುಡಿಯ ಪೊಟ್ಟಣ, ಬಳೆ, ನನ್ನ ರಿಬ್ಬನ್ನು ಬಿದ್ದವು. ಖಣ ಇರಲಿಲ್ಲ.

"ಸೆರಗು ಝಾಡಿಸು."

"ನಾ ಅಂಥಾಕಿ ಅಲ್ಲರಿ ಸಾಹುಕಾರ್ರ."

"ಅಂಥಾಕಿ ಅಲ್ಲಂದ್ರ ಝಾಡಿಸಾಕ ಏನಾಗ್ತೈತಿ?"

ಅಷ್ಟು ಹೆಂಗಸರ ಮುಂದೆ ಅವ್ವ ತಲೆಯ ಮೇಲಿನ ಸೆರಗು ತೆಗೆದು ಝಾಡಿಸಿದಳು. ಆಮೇಲೆ ಖಣ ಅವನು ಕೂತಿದ್ದ ಗಾದಿಯ ಕೆಳಗೇ ಸಿಕ್ಕಿತು. ನಕ್ಕುಬಿಟ್ಟ. "ಗದ್ದಲದಾಗ ಹಿಂಗ ಆಗ್ತೈತಿ ಬಿಡು," ಎಂದು ಬೇರೆ ಗಿರಾಕಿಯ ಕಡೆ ತಿರುಗಿದ. ಆರಿಸಿದ ಸೀರೆಯನ್ನು ಅಲ್ಲೇ ಬಿಟ್ಟು ಅವ್ವ ಎದ್ದಳು. ಊರು ಬರುವವರೆಗೂ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ಆ ಪಂಚಮಿಗೆ ಊರ ಹೆಂಗಸರೆಲ್ಲ ಜೀಕುವ ಜೋಕಾಲಿಯ ಹತ್ತಿರವೂ ಬರಲಿಲ್ಲ.

ಒಂಬತ್ತು ವರ್ಷಗಳ ನಂತರ ಮನಗೂಳಿಯ ಮನೆತನಕ್ಕೆ ನನ್ನ ಮದುವೆ ಗೊತ್ತಾಯಿತು. ಮದುವೆಯ ಬಟ್ಟೆ ಕೊಳ್ಳುವ ಬಸ್ತಾ ಎಲ್ಲಿ ಮಾಡೋಣವೆಂದು ಅತ್ತೆಯಾಗುವವರು ಕೇಳಿದಾಗ ನಾನೇ ಆ ಅಂಗಡಿಯ ಹೆಸರು ಹೇಳಿದೆ. ಅವ್ವ ತಲೆನೋವೆಂದು ಮನೆಯಲ್ಲೇ ಉಳಿದಳು.

ಬೆಳಿಗ್ಗೆ ಹತ್ತಕ್ಕೆ ಕೂತೆವು. ಮಾಲೀಕನ ಕೂದಲು ಬೆಳ್ಳಗಾಗಿತ್ತು, ಧ್ವನಿ ಅದೇ. ದೊಡ್ಡ ಗಿರಾಕಿಯೆಂದು ಚಹಾ ತರಿಸಿದ. "ಇದು ಬ್ಯಾಡ, ಮ್ಯಾಲಿಂದು ತೋರಸ್ರಿ" ಎನ್ನುತ್ತ ನಾನು ಕಪಾಟಿನ ತುದಿಯಿಂದ ಒಂದೊಂದೇ ಸೀರೆ ಇಳಿಸಲು ಹಚ್ಚಿದೆ. ಅವನೇ ಬಿಚ್ಚಿ, ಅಂಚು ತೋರಿಸಿ, ಹರಡಿ ಹರಡಿ ಬೆವೆತ. ಮಧ್ಯಾಹ್ನದ ಹೊತ್ತಿಗೆ ಗಾದಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಆಗ ಎದ್ದು ನಿಂತು, ಎಲ್ಲರೆದುರು ನನ್ನ ಸೆರಗನ್ನು ಎರಡು ಸಲ ಝಾಡಿಸಿದೆ.

"ನೋಡ್ಕೋರಿ ಸಾಹುಕಾರ್ರ, ನಿಮ್ಮ ಖಣ ನಾ ಒಯ್ಯಾಕತ್ತಿಲ್ಲ. ನಮ್ಮವ್ವನೂ ಒಯ್ದಿರಲಿಲ್ಲ."

ಅವನು ಕಣ್ಣು ಕಣ್ಣು ಬಿಟ್ಟ. "ಯಾವ ಖಣ ತಂಗಿ? ಯಾವಾಗಿಂದು?"

ನಿಜವಾಗಿಯೂ ಮರೆತಿದ್ದ. ನನ್ನ ಮೈಯೆಲ್ಲ ಉರಿಯಿತು. ಅತ್ತೆ ಗಾಬರಿಯಾಗಿ ಏನಾಯಿತೆಂದು ಕೇಳಿದರು. ನಡೆದದ್ದನ್ನೆಲ್ಲ ಅಲ್ಲೇ, ಉಳಿದ ಗಿರಾಕಿಗಳಿಗೂ ಕೇಳುವ ಹಾಗೆ ಹೇಳಿದೆ. ಮದುವೆ ಇಲ್ಲಿಗೇ ಮುರಿಯಿತು ಅಂದುಕೊಂಡೆ. ಅತ್ತೆ ಚಪ್ಪಲಿ ಹುಡುಕುತ್ತ, "ಏಳ್ರಿ ಎಲ್ಲಾರೂ. ಎದುರಿನ ಅಂಗಡ್ಯಾಗ ನೋಡೂಣು" ಎಂದರು.

ಮನೆಗೆ ಬಂದು ಹೇಳಿದಾಗ ಅವ್ವ ಮೊದಲು ಬೈದಳು. "ಬೀಗರ ಮುಂದ ಹಿಂಗ ಮಾಡ್ತಾರೇನ? ಬುದ್ಧಿ ಐತಿಲ್ಲ ನಿನಗ?" ಆಮೇಲೆ ಒಲೆಯ ಮುಂದಿನಿಂದಲೇ ಕೇಳಿದಳು.

"ಎಷ್ಟು ಸೀರಿ ಬಿಚ್ಚಿಸಿದಿ?"

"ನೂರರ ಮ್ಯಾಲ."

"ಅವ ಏನಂದ?"

"ಏನೂ ಅನಲಿಲ್ಲ. ತಲಿ ತಗ್ಗಿಸಿ ನಿಂತಿದ್ದ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಇನ್ನೊಮ್ಮಿ ಹೇಳು," ಎಂದಳು. ಮತ್ತೆ ಅದೇ ಸುಳ್ಳನ್ನು ಹೇಳಿದೆ. ಅವನಿಗೆ ಅವಳ ನೆನಪೇ ಇರಲಿಲ್ಲವೆಂದು ಇಂದಿಗೂ ಬಾಯಿಬಿಟ್ಟಿಲ್ಲ.

ಕೆಲವು ವರ್ಷಗಳಲ್ಲಿ ಅಂಗಡಿ ಮುಚ್ಚಿತು. ಅದಕ್ಕೆ ಕಾರಣ ನಾನಲ್ಲ, ಹೊಸ ಅಂಗಡಿಗಳು ಬಂದಿದ್ದವು. ಶಟರ್ ಇಳಿದದ್ದನ್ನು ಕಣ್ಣಾರೆ ನೋಡಲೆಂದೇ ಒಂದು ದಿನ ಸಿಂದಗಿಯಲ್ಲಿ ಬಸ್ಸಿಳಿದೆ. ಅದರೆದುರು ನಿಂತು ಒಂದು ಗ್ಲಾಸ್ ಕಬ್ಬಿನ ಹಾಲು ಕುಡಿದೆ. ಸಾಲಲಿಲ್ಲ, ಇನ್ನೊಂದು ತರಿಸಿದೆ.