ನಡುಗಡ್ಡೆಯಲ್ಲಿ ಚೆಲ್ಲಿದ ಚರಗ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವರ ಪೈಕಿ ನಾನು. ಸವದತ್ತಿಯ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಪರೀಕ್ಷೆಗೆ ಮಂತ್ರಿಸಿದ ಲಿಂಬೆಹಣ್ಣು ತಂದ ಹುಡುಗಿಯರಿಂದ ಅದನ್ನು ಕಸಿದು ಶರಬತ್ತು ಮಾಡಿ ಅವರಿಗೇ ಕುಡಿಸಿದ್ದೂ ಉಂಟು. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಸಿಟ್ಟಿಲ್ಲ. ಐದು ವರ್ಷದ ಹಿಂದೆ ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ನನ್ನ ತಮ್ಮ ಮಹಾಂತೇಶ ಥಾಯ್ಲೆಂಡಿನ ಒಂದು ಹೋಟೆಲಿನಲ್ಲಿ ಅಡುಗೆಯವನು. ಆ ವರ್ಷ ರಜೆಗೆ ಬಂದವನು ಅಲ್ಲಿಯ ಊಟ ನಮಗೆಲ್ಲ ಉಣಿಸಿಯೇ ತೀರುತ್ತೇನೆಂದು ಹಟ ಹಿಡಿದ. ಮನೆಯಲ್ಲಿ ಬೇಡ, ಹೊಳೆಯ ನಡುಗಡ್ಡೆಗೆ ಹೋಗೋಣ ಎಂದದ್ದೂ ಅವನೇ. ಹೀಗೆ ಒಂದು ರವಿವಾರ ನಾನು, ಮಹಾಂತೇಶ, ಅವನ ಹೆಂಡತಿ ಶೈಲಾ ಮತ್ತು ನಮ್ಮ ಅವ್ವ ನಾಲ್ವರು ಕಾರಿನಲ್ಲಿ ತೊರಗಲ್ಲಿನ ಈಚೆ ಮಲಪ್ರಭೆಯ ದಂಡೆಗೆ ಹೋದೆವು. ಬೇಸಿಗೆ ಶುರುವಾಗಿತ್ತು. ಹೊಳೆ ಬತ್ತಿ ನಡುಗಡ್ಡೆಯ ಈ ಬದಿಗೆ ಪಾದ ಮುಳುಗುವಷ್ಟೇ ನೀರಿತ್ತು. ದಂಡೆಯ ಕಬ್ಬಿನ ಹೊಲದವರು ಕಾರು ನಿಲ್ಲಿಸಲು ನೆರಳು ತೋರಿಸಿ ಒಂದು ಮಾತು ಹೇಳಿದರು.

“ಅಕ್ಕಾರ, ಮೂರರ ಒಳಗ ಹೊಳ್ಳಿ ಬಂದ್ಬಿಡ್ರಿ. ಮ್ಯಾಲಿಂದ ನೀರ ಬಿಡ್ತಾರಂತ.”

ಆಯ್ತು ಎಂದು ತಲೆಯಾಡಿಸಿದೆ. ಒಂದು ಗಂಟೆಗೆ ಉಂಡು ಎರಡಕ್ಕೆ ಹೊರಡುವವರಿಗೆ ಮೂರರ ಭಯವೇನು? ಆದರೆ ಮಹಾಂತೇಶನ ಅಡುಗೆ ಒಂದಕ್ಕೆ ಮುಗಿಯುವಂಥದ್ದಲ್ಲ. ಕೈಗೆ ಅಂಟುವ ಅದೇನೋ ಅಕ್ಕಿಯನ್ನು ಹಬೆಯಲ್ಲಿ ಬೇಯಿಸುವುದಕ್ಕೇ ಒಂದೂವರೆ ತಾಸು ಹಿಡಿಯಿತು. ಶೈಲಾ ಹಸಿ ಪಪ್ಪಾಯಿ ಹೆರೆದು ಶೇಂಗಾದ ಜೊತೆ ಜಜ್ಜುತ್ತಿದ್ದಳು. ಅವ್ವ ಮೀನು ಮುಟ್ಟುವುದಿಲ್ಲವೆಂದು ಮಹಾಂತೇಶ ಮೀನಿನ ರಸ ಕೈಬಿಟ್ಟು, ಮೂರು ಕಲ್ಲಿನ ಒಲೆಯ ಮೇಲೆ ತೆಂಗಿನ ಹಾಲು ಕುದಿಸಿ, ಚಹಾಕ್ಕೆ ಹಾಕುವ ಹುಲ್ಲನ್ನು ಅದರಲ್ಲಿ ಹಾಕಿದ. ವಾಸನೆ ನೋಡಿ ಅವ್ವ, ಇದು ಸಾರೋ ಕಷಾಯವೋ ಎಂದಳು. ಹೊತ್ತು ಎರಡೂವರೆಯಾಗಿತ್ತು. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು.

ಇನ್ನೇನು ಬಡಿಸಬೇಕು, ಅವ್ವ ಚರಗ ಚೆಲ್ಲಬೇಕೆಂದಳು. ಚರಗವೆಂದರೆ ನಮ್ಮ ಕಡೆ ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಉಣ್ಣುವ ಮೊದಲು ಭೂಮಿತಾಯಿಗೆ ಎಡೆ ಚೆಲ್ಲುವುದು. ಒಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗಿ ಅನ್ನ ಎರಚುತ್ತ ಮುಂದೆ ಹೋಗುತ್ತಾರೆ. ಇನ್ನೊಬ್ಬರು ಬೆನ್ನ ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ‘ಸಲಾಂಬ್ರಿಗೋ’ ಎಂದು ಓಗೊಡುತ್ತಾರೆ. ಒಬ್ಬರೇ ಮಾಡುವ ಕೆಲಸವಲ್ಲ. ಇವತ್ತು ಅಮಾವಾಸ್ಯೆಯೂ ಅಲ್ಲ, ಇದು ನಮ್ಮ ಹೊಲವೂ ಅಲ್ಲ ಎಂದೆ. ಮಂದಿ ನೆಲದಾಗ ಉಣ್ಣುವಾಗಲೇ ಮೊದಲು ಕೊಡಬೇಕು ಎಂಬುದು ಅವ್ವನ ವಾದ. ಥಾಯ್ಲೆಂಡಿನಲ್ಲೂ ನೆಲದ ಒಡೆಯನಿಗೆಂದು ಅಂಗಳದಲ್ಲಿ ಪುಟ್ಟ ಗುಡಿ ಕಟ್ಟಿ ಊಟ ಇಡುತ್ತಾರೆ ಎಂದು ಮಹಾಂತೇಶ ಬೇರೆ ಒಗ್ಗರಣೆ ಹಾಕಿದ. ನನಗೆ ರೇಗಿತು.

“ನೀ ತಂಬಿಗಿ ಹಿಡಕೊಂಡ ನನ್ನ ಹಿಂದ ಬಾ,” ಎಂದಳು ಅವ್ವ.

“ನಾ ಬರಂಗಿಲ್ಲ. ಬೇಕಾದ್ರ ನೀನ ಚೆಲ್ಲಿ ಬಾ,” ಎಂದೆ.

ಅವ್ವ ತಾಟಿನಲ್ಲಿ ಅನ್ನ, ಸಾರು ಕಲಸಿಕೊಂಡು ಒಬ್ಬಳೇ ಹೊರಟಳು. ಅವಳಿಗಾಗ ಎಪ್ಪತ್ತೆರಡು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಕಳಿಸಬಾರದಿತ್ತು. ಆದರೆ ನಾನು ಚಾಪೆಯ ಮೇಲೆ ಬಿಗಿದುಕೊಂಡು ಕೂತೆ.

ಜಾಲಿಗಿಡಗಳ ಮರೆಯಿಂದ ಅವಳ ಕೂಗು ಕೇಳಿತು. ‘ಹುಲ್ಲುಲ್ಲಿಗೋ.’ ಅದರ ಬೆನ್ನಿಗೇ ‘ಸಲಾಂಬ್ರಿಗೋ’ ಎಂದು ಹೆಣ್ಣುದನಿ. ಶೈಲಾ ಹೋಗಿರಬೇಕು, ಅತ್ತೆಯ ಮುಂದೆ ಒಳ್ಳೆಯವಳಾಗುತ್ತಾಳೆ ಎಂದುಕೊಂಡೆ. ಮತ್ತೊಮ್ಮೆ ಕೂಗು, ಮತ್ತೊಮ್ಮೆ ಓಗೊಟ್ಟ ದನಿ. ಆಗ ನನ್ನ ಪಕ್ಕದಲ್ಲಿ ಯಾರೋ ತಾಟು ಸರಿಸಿದರು. ನೋಡಿದರೆ ಶೈಲಾ. ಮಹಾಂತೇಶ ಒಲೆಯ ಮುಂದಿದ್ದ, ಸೌಟು ಕೈಯಲ್ಲಿ ಹಾಗೇ ನಿಂತಿತ್ತು. ಅವನಿಗೂ ಕೇಳಿಸಿತ್ತೆಂದು ಅವನ ಮುಖವೇ ಹೇಳುತ್ತಿತ್ತು. ನಮ್ಮನ್ನು ಬಿಟ್ಟರೆ ಅಲ್ಲಿ ನರಪಿಳ್ಳೆ ಇರಲಿಲ್ಲ. ತುಂಬಿದ ತಂಬಿಗೆ ನನ್ನ ಮೊಣಕಾಲಿನ ಹತ್ತಿರವೇ ಇತ್ತು.

ನಿಲ್ಲು ಎಂದು ಒದರಿದೆ. ಅವ್ವ ನಿಲ್ಲಲಿಲ್ಲ, ಅವಳ ಕೂಗು ದೂರವಾಗುತ್ತ ಹೋಯಿತು. ಆ ಕಡೆ ಆಳದ ಮಡುವಿದೆಯೆಂದು ನನಗೆ ಗೊತ್ತಿತ್ತು. ಮಹಾಂತೇಶ ಮೊದಲು ಓಡಿದ. ಶೈಲಾ ತನಗೇನೂ ಕೇಳಿಸಿಲ್ಲ, ಬರೀ ಅತ್ತೆಯ ದನಿ ಎನ್ನುತ್ತಿದ್ದಳು. ಅವಳೊಬ್ಬಳನ್ನೇ ಅಲ್ಲಿ ಬಿಡಲು ಧೈರ್ಯ ಸಾಲದೆ ಕೈ ಹಿಡಿದು ಎಳೆದುಕೊಂಡೇ ಓಡಿದೆ. ಮುಳ್ಳು ಪರಚಿದ್ದು ಆಮೇಲೆ ತಿಳಿಯಿತು. ಪ್ರತಿ ಸಲವೂ ಆ ದನಿ ಇನ್ನೊಂದು ಗಿಡದಾಚೆಯಿಂದಲೇ ಬರುತ್ತಿತ್ತು. ದಾರಿಯುದ್ದಕ್ಕೂ ಅಲ್ಲಲ್ಲಿ ಅನ್ನದ ಅಗುಳು ಬಿದ್ದಿತ್ತು.

ನಡುಗಡ್ಡೆಯ ಮೇಲ್ತುದಿಯಲ್ಲಿ, ಮಡುವಿನ ಪಕ್ಕದಿಂದ ಒಂದು ಬಂಡೆಯ ಸಾಲು ಆಚೆ ದಂಡೆಯವರೆಗೂ ಇದೆ. ಅವ್ವ ಅದರ ಮೊದಲ ಬಂಡೆಯ ಮೇಲೆ ನಿಂತಿದ್ದಳು, ತಾಟು ಖಾಲಿಯಾಗಿತ್ತು. ತಿರುಗಿ ನನ್ನನ್ನು ನೋಡಿದಳು. ಮುಖದಲ್ಲಿ ಸಂತೋಷವಿತ್ತು.

“ತಂಬಿಗಿ ಎಲ್ಲಿಟ್ಟಿ? ಇಷ್ಟೊತ್ತನಾ ನೀರ ಹೊಡಕೋತ ಹಿಂದನ ಬರಾಕತ್ತಿದ್ದೆಲ್ಲಾ.”

ಅಷ್ಟರಲ್ಲಿ ಶೈಲಾ ಹಿಂದೆ ನೋಡಿ ಚೀರಿದಳು. ನಾವು ನಡೆದು ಬಂದಿದ್ದ ಉಸುಕಿನ ಹಾದಿ ಕಾಣುತ್ತಿರಲಿಲ್ಲ. ಕೆಳಗಿನ ಬದಿಯಲ್ಲಿ ಕೆಂಪು ನೀರು ಸದ್ದಿಲ್ಲದೆ ಏರಿ, ನಮ್ಮ ಚಾಪೆ ತೇಲಿಕೊಂಡು ಹೊರಟಿತ್ತು. ಬಂಡೆಗಳ ಮೇಲೆ ಮಾತ್ರ ನೀರು ಇನ್ನೂ ಮೊಣಕಾಲಿನ ಕೆಳಗಿತ್ತು. ಮಹಾಂತೇಶ ಅವ್ವನನ್ನು ಬೆನ್ನ ಮೇಲೆ ಹೊತ್ತ. ನಾನು, ಶೈಲಾ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೇಗೋ ದಾಟಿದೆವು. ಬಂಡೆ ಏರುವ ಮುಂಚೆ ನನ್ನ ಕಣ್ಣಿಗೆ ಬಿದ್ದದ್ದನ್ನೂ ಹೇಳಿಬಿಡುತ್ತೇನೆ. ಅವ್ವನ ಸೀರೆಯ ಹಿಂದಿನ ಅಂಚು ಒದ್ದೆಯಾಗಿತ್ತು. ಬೆಳಿಗ್ಗೆ ಹೊಳೆ ದಾಟುವಾಗ ತೊಯ್ದದ್ದಿರಬಹುದು. ಆದರೆ ಮುಂದಿನ ಅಂಚು ಒಣಗಿತ್ತು.

ಆ ದನಿ ಅವ್ವನನ್ನು ಮಡುವಿಗೆ ಕರೆಯುತ್ತಿತ್ತೋ, ನಮ್ಮನ್ನು ಚಾಪೆಯಿಂದ ಎಬ್ಬಿಸಿತೋ, ನನಗೆ ಗೊತ್ತಿಲ್ಲ. ಪ್ರತಿಧ್ವನಿ ಎನ್ನೋಣವೆಂದರೆ ಕೂಗಿದ ಮಾತು ಒಂದು, ಬಂದ ಮಾತು ಇನ್ನೊಂದು. ಆಚೆ ದಂಡೆಯಲ್ಲಿ ಯಾರೋ ತಮಾಷೆಗೆ ಓಗೊಟ್ಟರು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಆಚೆ ದಂಡೆಯ ಬಯಲಿನಲ್ಲಿ ಅವತ್ತು ಒಂದು ದನವೂ ಇರಲಿಲ್ಲ.

ಅವ್ವನಿಗೆ ನಾವು ಯಾರೂ ನಿಜ ಹೇಳಿಲ್ಲ. ಮಗಳು ಬಾಯಿಂದ ಒಲ್ಲೆನೆಂದರೂ ಕೊನೆಗೆ ಹಿಂದೆ ಬಂದಳು ಎಂದು ಬೀಗರ ಮುಂದೆ ಹೇಳಿ ಹಿಗ್ಗುತ್ತಾಳೆ. ಅಲ್ಲಿಂದೀಚೆಗೆ ನಮ್ಮ ಹೊಲದ ಚರಗಕ್ಕೆ ತಂಬಿಗೆ ನನ್ನ ಕೈಗೇ ಕೊಡುತ್ತಾಳೆ, ನಾನೂ ಮರುಮಾತಾಡದೆ ಹಿಂದೆ ನಡೆಯುತ್ತೇನೆ. ಹೋದ ಎಳ್ಳ ಅಮಾವಾಸ್ಯೆಗೆ ಜೋಳದ ನಡುವೆ ಅವ್ವ ಇದ್ದಕ್ಕಿದ್ದಂತೆ ನಿಂತು ತಿರುಗಿದಳು.

“ಯಾಕ ಹಿಂಗ ಅಂತಿ? ಅವತ್ತ ಹೊಳಿಯಾಗ ಎಷ್ಟ ಛಲೋ ಅಂದಿದ್ದಿ. ಹಂಗ ಅನ್ನು.”

ಅವತ್ತಿನ ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಹಾಗೇ ಕೂಗಲೂ ನನಗೆ ಬಂದೀತು. ಆದರೆ ಬಾಯಿ ತೆರೆಯಲಾಗಲಿಲ್ಲ. ಅವ್ವ ಕಾಯುತ್ತ ನಿಂತಳು, ನಾನು ಬರೀ ನೀರು ಚಿಮುಕಿಸಿದೆ.